ಹದಿನಾಲ್ಕು ದಿನಕ್ಕೊಮ್ಮೆ

2024ರ ಫೆಬ್ರವರಿ 27, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನನ್ನ ಎಡಗೈ ಭುಜದವರೆಗೆ ಜಾಜಿ ಎಂಬ ಬಿಳಿ ಕುದುರೆಯ ಒಳಗಿತ್ತು. ಬಲಗೈ ಬಸಿರು ನೋಡುವ ಸ್ಕ್ಯಾನರಿನ ಗುಂಡಿಗಳ ಮೇಲಿತ್ತು. ಪರದೆಯಲ್ಲಿ ಮಾತ್ರ ನನ್ನದೇ ಬೆವರಿದ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮಲ್ಲಿಪಟ್ಟಣದ ಬಿಸಿಲು ಅಂಥದ್ದು. ಕುದುರೆ ಕಟ್ಟುವ ಚಪ್ಪರಕ್ಕೆ ಮೇಲೆ ಹುಲ್ಲಿತ್ತು, ಸುತ್ತ ಗೋಡೆ ಇರಲಿಲ್ಲ.

"ವಸಿ ತಡೀರಿ ಮೇಡಂ" ಎಂದು ಯಾರೋ ಹೇಳಿದರು. ಮರುಕ್ಷಣ ನನ್ನ ತಲೆಯ ಮೇಲೂ ಪರದೆಯ ಮೇಲೂ ಒಂದು ಕರಿ ಕಂಬಳಿ ಇಳಿಯಿತು. ಹಗಲು ಆರಿಹೋಯಿತು. ಆ ಕತ್ತಲಲ್ಲಿ ಪರದೆ ಮೆಲ್ಲಗೆ ಬೆಳಗಿತು.

ಕಂಬಳಿ ಎತ್ತಿ ಹಿಡಿದಿದ್ದವನ ಮುಖವೂ ಒಳಗೇ ಇತ್ತು. ಖಾಕಿ ಅಂಗಿ, ಜೇಬಿನಲ್ಲಿ ಒಂದು ಟೆಸ್ಟರ್. ಕುದುರೆಯ ಒಡೆಯ ಭೀಮ ಅವನೇ, ಊರಿನ ಲೈನ್‌ಮನ್. ಅವನ ದೊಡ್ಡಪ್ಪ ಪಾಪಯ್ಯ ಆಚೆ ಲಗಾಮು ಹಿಡಿದು ಜಾಜಿಯನ್ನು ಮಾತಾಡಿಸುತ್ತಿದ್ದರು.

"ಎಲ್ಡವಾ ಮೇಡಂ?" ಎಂದು ಭೀಮ ಕೇಳಿದ, ತೀರ ಮೆಲ್ಲಗೆ.

ನನಗೆ ಸಿಟ್ಟು ಬಂತು. ಒಂದು ಬಸಿರಿಗೆ ಎರಡು ಮರಿ ಸಿಕ್ಕಲಿ ಎನ್ನುವ ಆಸೆಯವರನ್ನು ನಾನು ಬೇಕಾದಷ್ಟು ನೋಡಿದ್ದೆ. "ಎರಡು ಬೇಕಾ ನಿಮಗೆ? ಕುದುರೆಗೆ ಅವಳಿ ಅಂದರೆ ಖುಷಿಪಡೋ ವಿಷಯ ಅಲ್ಲ. ಎರಡಕ್ಕೂ ಒಳಗೆ ಜಾಗ ಸಾಲಲ್ಲ. ಸಾಮಾನ್ಯವಾಗಿ ಎರಡೂ ಹೋಗುತ್ತವೆ, ಕೆಲವು ಸಲ ತಾಯಿನೂ ಹೋಗುತ್ತೆ."

ಅವನು ಕಂಬಳಿಯನ್ನು ಇನ್ನಷ್ಟು ಕೆಳಗೆಳೆದ. ಆಮೇಲೆ ಹೇಳಿದ: "ಗೊತ್ತು ಮೇಡಂ. ಓದ್ಸಲ ಎಲ್ಡಿದ್ವು. ಒಂಬತ್ ತಿಂಗ್ಳಿಗೆ ಬಿದ್ದೋದ್ವು. ಗುಂಡಿ ತೋಡ್ದೋನು ನಾನೇ."

ಕಂಬಳಿಯೊಳಗೆ ನಾಚಿಕೆಯನ್ನು ಬಚ್ಚಿಡುವುದು ಕಷ್ಟ. ಇಬ್ಬರ ಉಸಿರೂ ಒಂದೇ ಕಡೆ ಇರುತ್ತದೆ. ನಾನು ಕ್ಷಮೆ ಕೇಳಲಿಲ್ಲ. ಅದರ ಬದಲು ಗರ್ಭಕೋಶದ ಕೊಂಬಿನಂಥ ಎರಡೂ ಕವಲುಗಳನ್ನು ಮೂರು ಮೂರು ಸಲ ತಡಕಿದೆ. ಬೂದು ಮಂಜಿನ ನಡುವೆ ಒಂದು ದುಂಡನೆಯ ಕಪ್ಪು ಹನಿ ಕಂಡಿತು. ಒಂದೇ ಒಂದು.

"ಒಂದೇ ಇದೆ. ಇಪ್ಪತ್ತೊಂದು ಮಿಲಿಮೀಟರ್. ಹದಿನೈದನೇ ದಿನಕ್ಕೆ ಸರಿಯಾಗಿದೆ."

"ದಪ್ಪ ಗೋಲಿ ಅಷ್ಟದೆ" ಎಂದ ಅವನು. ಪರದೆಯ ಬೆಳಕಿನಲ್ಲಿ ಅವನು ನಕ್ಕಿದ್ದು ಕಂಡಿತು. ಆ ನಗುವಿನ ಅಳತೆಯನ್ನು ನಾನು ಎಲ್ಲೂ ಬರೆದಿಡಲಿಲ್ಲ.

ಹೊರಗೆ ಬಂದಾಗ ಅವನ ತಾಯಿ ಮಾಯಮ್ಮ ಮಜ್ಜಿಗೆ ಹಿಡಿದು ನಿಂತಿದ್ದರು. "ಇವ್ರಪ್ಪ ತಂದ ಕುದ್ರೆ ಕಣವ್ವ. ಅದ್ಕೂ ಮುಂಚೆ ನಮ್ ಕೇರಿ ಗಂಡು ಒಬ್ಬನೂ ಕುದ್ರೆ ಮ್ಯಾಲೆ ಕೂತ್ಕಂಡು ಮದ್ವೆಗೆ ಓದೋನಲ್ಲ. ಈಗ ನಮ್ ಕೇರಿ ಮದ್ವೆ ಅಂದ್ರೆ ಜಾಜಿನೇ ಬರ್ಬೇಕು. ಇವ್ರಪ್ಪ ತೀರ್ಕಂಡ್ರು, ಇವ್ಳಿಗೂ ವಯ್ಸಾಯ್ತು. ಇವ್ಳ ಒಟ್ಟೇಲಿ ಒಂದಾದ್ರೂ ನಿಂತ್ಕಂಡ್ರೆ ಸಾಕು."

ಜಾಜಿಗೆ ಹದಿನಾರು ವರ್ಷ. ಇದೂ ಹೋದರೆ ಮತ್ತೆ ಬಸಿರು ಮಾಡಿಸಬೇಡಿ ಎಂದು ನಾನೇ ಹೇಳಬೇಕಾಗುತ್ತಿತ್ತು. ಆ ಮಾತನ್ನು ಮಜ್ಜಿಗೆಯ ಜೊತೆ ನುಂಗಿಕೊಂಡೆ.

*

ಮಾರ್ಚ್ 11ಕ್ಕೆ ಇಪ್ಪತ್ತೆಂಟನೇ ದಿನ. ಈ ಸಲ ನಾನು ಬರುವ ಮೊದಲೇ ಕಂಬಳಿ ಸಿದ್ಧವಾಗಿತ್ತು. ಒಗೆದು ಒಣಗಿಸಿದ್ದರು, ಉಣ್ಣೆಗೆ ಬಿಸಿಲಿನ ವಾಸನೆ ಇತ್ತು.

ಪರದೆಯ ಮೇಲೆ ಕಪ್ಪು ಹನಿಯ ಒಳಗೆ ಒಂದು ಬಿಳಿ ಕಾಳು. ಕಾಳಿನ ಒಳಗೆ ಏನೋ ಮಿಣುಕುತ್ತಿತ್ತು.

"ಅದೇನ್ ಮೇಡಂ, ಲೂಸ್ ಕನೆಕ್ಷನ್ ಇದ್ದಂಗೆ ಮಿಣಮಿಣ ಅಂತದೆ?"

"ಅದು ಹೃದಯ."

ಕಂಬಳಿ ಹಿಡಿದ ಕೈ ಸ್ವಲ್ಪ ಇಳಿಯಿತು, ಅವನ ಭುಜ ನನ್ನ ಭುಜಕ್ಕೆ ತಾಗಿತು. ಅವನಿಗೆ ಅದು ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

ಆಚೆಯಿಂದ ಮಾಯಮ್ಮನ ದನಿ: "ಏನ್ಲಾ ಭೀಮ, ಕಂಬ್ಳಿ ಒಳ್ಗೇ ಕುದ್ರೆ ಈಯ್ತೇನ್ಲಾ? ಈಚಿಗ್ ಬಾ!"

ಪಾಪಯ್ಯನವರು ಜಾಜಿಯ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ನೀನು ಅಳ್ಳಾಡ್ಬೇಡ ಕಣವ್ವ. ಅವ್ರಿಗೆ ಇನ್ನೂ ನೋಡೋದದಂತೆ."

ನಾನು ಹಾಸನದ ಕಾಲೇಜಿನಲ್ಲಿ ಪಶುವೈದ್ಯಕೀಯ ಓದಿ, ಅಲ್ಲಿನ ಒಂದು ಸಂಶೋಧನಾ ಯೋಜನೆಯಲ್ಲಿ ಕೆಲಸಕ್ಕಿದ್ದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕು ತಾಲ್ಲೂಕಿನಲ್ಲಿ ಹದಿಮೂರು ಬಸುರಿ ಕುದುರೆಗಳು ನನ್ನ ಪಟ್ಟಿಯಲ್ಲಿದ್ದವು. ಇಪ್ಪತ್ತೆಂಟು ದಿನಕ್ಕೊಮ್ಮೆ ಸ್ಕ್ಯಾನ್ ಮಾಡಿ, ಐದನೇ ತಿಂಗಳ ನಂತರ ಗರ್ಭಕೋಶದ ಗೋಡೆಯೂ ಮರಿಯನ್ನು ಪೋಷಿಸುವ ಮಾಸೂ ಸೇರಿ ಎಷ್ಟು ದಪ್ಪವಿದೆ ಎಂದು ಅಳೆಯಬೇಕು. ಒಳಗೆ ಸೋಂಕು ತಗುಲಿದರೆ ಮೊದಲು ದಪ್ಪವಾಗುವುದು ಅದೇ. ಆಗ ಹಿಡಿದರೆ ಮರಿ ಉಳಿಯಬಹುದು.

ಹನ್ನೆರಡು ಕುದುರೆಗಳ ಮುಂದೆ ಇಪ್ಪತ್ತೆಂಟು ಎಂದು ಬರೆದೆ. ಜಾಜಿಯ ಮುಂದೆ ಪೆನ್ನು ಹದಿನಾಲ್ಕು ಎಂದು ಬರೆಯಿತು.

*

ಹೀಗೆ ನನ್ನ ವರ್ಷ ಹದಿನಾಲ್ಕು ಹದಿನಾಲ್ಕು ದಿನಗಳ ತುಂಡುಗಳಾಯಿತು. ಆಲೂಗಡ್ಡೆ ಬಿತ್ತಿದರು, ಕಿತ್ತರು. ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಿಂದ ಸಿಹಿಯಾದ, ತಲೆ ತಿರುಗಿಸುವ ವಾಸನೆ ಬರತೊಡಗಿತು. ರಾಗಿ ಎದೆಮಟ್ಟ ಬೆಳೆಯಿತು. ಪ್ರತಿ ಸಲವೂ ಜೀಪು ಕೆರೆ ಏರಿ ದಾಟಿದಾಗ ನಾನು ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳುತ್ತಿದ್ದೆ. ಕುದುರೆ ನೋಡಲು ಹೋಗುವವಳಿಗೆ ಕನ್ನಡಿ ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಉತ್ತರ ಬರುವುದರೊಳಗೆ ಊರು ಬಂದುಬಿಡುತ್ತಿತ್ತು.

ಹೊಟ್ಟೆಯ ಮೇಲಿನಿಂದಲೂ ಸ್ಕ್ಯಾನ್ ಮಾಡುವ ದಿನಗಳು ಬಂದವು. ಆಗ ಚರ್ಮಕ್ಕೆ ಜೆಲ್ ಹಚ್ಚಬೇಕು, ತಣ್ಣಗಿದ್ದರೆ ಕುದುರೆ ಬೆಚ್ಚುತ್ತದೆ. ಭೀಮ ಜೆಲ್ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟು, ತನ್ನ ಮೊಣಕೈ ಮೇಲೆ ಒಂದು ಹನಿ ಬಿಟ್ಟು ನೋಡಿ, ಆಮೇಲೆ ಕೊಡುತ್ತಿದ್ದ.

"ಮಗುಗೆ ಹಾಲು ಕುಡಿಸೋ ಹಾಗೆ ಮಾಡ್ತೀರಲ್ಲ" ಎಂದೆ ಒಮ್ಮೆ.

"ಅಭ್ಯಾಸ ಮಾಡ್ಕತಾ ಇವ್ನಿ ಮೇಡಂ."

"ಯಾವುದಕ್ಕೆ?"

"ಕುದ್ರೆ ಮರಿಗೆ" ಎಂದ, ಕಣ್ಣನ್ನು ಬಾಟಲಿಯಿಂದ ಎತ್ತದೆ. ಕಿವಿ ಮಾತ್ರ ಕೆಂಪಾಗಿತ್ತು.

ಜುಲೈನ ಒಂದು ಸ್ಕ್ಯಾನಿನಲ್ಲಿ ನನ್ನ ಓಲೆ ಕಂಬಳಿಯ ಎಳೆಗೆ ಸಿಕ್ಕಿಕೊಂಡಿತು. ಒಂದು ಕೈ ಕುದುರೆಯೊಳಗೆ, ಇನ್ನೊಂದು ಕೈ ಗುಂಡಿಯ ಮೇಲೆ, ಕತ್ತು ತಿರುಗಿಸುವಂತಿಲ್ಲ.

"ಅಳ್ಳಾಡ್ಬೇಡಿ, ನಾನ್ ಬುಡಿಸ್ತೀನಿ. ಅನ್ನೊಂದ್ ಸಾವ್ರ ವೋಲ್ಟ್ ಲೈನ್ ರಿಪೇರಿ ಮಾಡೋನು, ಇದ್ಯಾವ್ ಲೆಕ್ಕ" ಎಂದ.

ಲೆಕ್ಕವಿರಬೇಕು. ಅವನು ಬೆರಳನ್ನು ಎರಡು ಸಲ ಅಂಗಿಗೆ ಒರೆಸಿಕೊಂಡ. ಒಂದೊಂದೇ ಎಳೆ ಬಿಡಿಸಿದ. ಓಲೆ ಬಿಟ್ಟುಕೊಂಡ ಮೇಲೂ ಅವನ ಕೈ ಅಲ್ಲೇ, ನನ್ನ ಕೆನ್ನೆಗೆ ಒಂದು ಅಂಗುಲ ದೂರದಲ್ಲಿ, ದಾರಿ ಮರೆತಂತೆ ನಿಂತಿತ್ತು. ಪರದೆಯಲ್ಲಿ ಮರಿ ಕಾಲು ಝಾಡಿಸಿತು. ಇಬ್ಬರೂ ಅತ್ತ ತಿರುಗಿದೆವು. ಅದಕ್ಕೊಂದು ಧನ್ಯವಾದ ಹೇಳಬೇಕೋ, ಬೈಯಬೇಕೋ ತಿಳಿಯಲಿಲ್ಲ.

*

ಅಕ್ಟೋಬರ್ 21ರ ಸ್ಕ್ಯಾನ್ ಮುಗಿಸಿ ಹೊಳೆನರಸೀಪುರದ ಮನೆಗೆ ಬಂದೆ. ನನ್ನ ಅಪ್ಪ ಪಟ್ಟಾಭಿರಾಮ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಅಂಕಿಗಳಿರುವ ಯಾವ ಕಾಗದವನ್ನೂ ಅವರು ಓದದೆ ಬಿಡುವುದಿಲ್ಲ. ಊಟದ ಮೇಜಿನ ಮೇಲೆ ನನ್ನ ರಿಜಿಸ್ಟರ್ ತೆರೆದಿತ್ತು.

"ಅನ್ವಿತಾ, ಒಂದು ಅನುಮಾನ. ಬಾಗೂರಿನ ಕುದುರೆಗೂ ಹಿಂದೆ ಗರ್ಭಪಾತ ಆಗಿದೆ. ಅದಕ್ಕೆ ಇಪ್ಪತ್ತೆಂಟು ದಿನ. ಮಲ್ಲಿಪಟ್ಟಣದ್ದಕ್ಕೆ ಮಾತ್ರ ಹದಿನಾಲ್ಕು. ಕಾರಣ ಅಂತ ಒಂದು ಕಾಲಂ ಇದೆ. ಅದು ಖಾಲಿ."

"ಬರೀತೀನಿ ಅಪ್ಪ."

"ಬರಿ. ಕಾರಣ ಇಲ್ಲದೆ ಅಳತೆ ಹೆಚ್ಚು ಮಾಡಿದರೆ ಅದು ವಿಜ್ಞಾನ ಅಲ್ಲಮ್ಮ." ಅವರ ದನಿಯಲ್ಲಿ ಆಕ್ಷೇಪ ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಅಂದು ಬಹಳ ಹೊತ್ತು ಆ ಖಾಲಿ ಚೌಕವನ್ನು ನೋಡುತ್ತ ಕುಳಿತೆ. ಅಲ್ಲಿ ಬರೆಯಬಹುದಾದ ನಿಜವಾದ ಕಾರಣ ಒಂದೇ ಇತ್ತು, ಅದನ್ನು ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಕಾಲೇಜಿನ ರಿಜಿಸ್ಟರಿನಲ್ಲಿ ಬರೆಯುವಂತಿರಲಿಲ್ಲ. ಬಾಗೂರಿನ ಕುದುರೆ ಏನು ತಪ್ಪು ಮಾಡಿತ್ತು? ಹದಿನಾಲ್ಕನ್ನು ಹೊಡೆದುಹಾಕಿ ಇಪ್ಪತ್ತೆಂಟು ಮಾಡಿದೆ. ಬೆಳಿಗ್ಗೆ ಭೀಮನಿಗೆ ಫೋನ್ ಮಾಡಿದೆ.

"ಮುಂದಿನ ಸ್ಕ್ಯಾನ್ ನವೆಂಬರ್ ಹದಿನೆಂಟಕ್ಕೆ. ಇನ್ನು ತಿಂಗಳಿಗೊಮ್ಮೆ ಸಾಕು."

ಆ ಕಡೆ ಎಲ್ಲೋ ಕಂಬದ ಮೇಲಿದ್ದನೇನೋ, ಗಾಳಿಯ ಸದ್ದು. "ಸರಿ ಮೇಡಂ" ಎಂದ. ಅಷ್ಟೇ. ಯಾಕೆ ಎಂದು ಕೇಳಲಿಲ್ಲ. ಕೇಳಬೇಕಿತ್ತು ಎಂದು ನನಗೆ ಸಿಟ್ಟು.

ನವೆಂಬರ್ 4, ಸೋಮವಾರ, ನಾನು ಹೋಗಬೇಕಿದ್ದ ದಿನ. ಹೋಗಲಿಲ್ಲ. ಕಚೇರಿಯಲ್ಲಿ ಕುಳಿತು ಹನ್ನೆರಡು ಕುದುರೆಗಳ ಸರಾಸರಿ ತೆಗೆದೆ. ಮೂರು ಸಲ ತಪ್ಪಾಯಿತು.

*

ನವೆಂಬರ್ 12ರ ಮಧ್ಯಾಹ್ನ ಭೀಮನ ನಂಬರಿನಿಂದ ಫೋನ್ ಬಂತು. ದನಿ ಮಾಯಮ್ಮನದು.

"ಡಾಕ್ಟ್ರವ್ವ, ಜಾಜಿ ಕೆಚ್ಲು ಬುಟ್ಟವ್ಳೆ ಕಣವ್ವ. ಆಲು ತೊಟ್ಕ್ತದೆ. ನಾಕ್ ದಿನ ಆಯ್ತು."

ಒಂಬತ್ತನೇ ತಿಂಗಳಿಗೆ ಕೆಚ್ಚಲು ತುಂಬಿ ಹಾಲು ತೊಟ್ಟಿಕ್ಕುವುದು ಒಳ್ಳೆಯ ಲಕ್ಷಣವಲ್ಲ. ಮಾಸಿಗೆ ಸೋಂಕು ತಗುಲಿ, ದೇಹ ಮರಿಯನ್ನು ಹೊರಹಾಕಲು ಸಿದ್ಧವಾಗುತ್ತಿದೆ ಎಂದರ್ಥ. "ನಾಲ್ಕು ದಿನಾನಾ? ಭೀಮ ಯಾಕೆ ಫೋನ್ ಮಾಡಲಿಲ್ಲ?"

"ಅವ್ನಾ? ಪೋನ್ ಎತ್ಕತಾನೆ, ಮಡಗ್ತಾನೆ. ಎತ್ಕತಾನೆ, ಮಡಗ್ತಾನೆ. ಏನ್ ಬಂದದೋ ಕಾಣೆ. ಅವ್ನು ನೀರಿಗ್ ಓಗಿರೋ ಒತ್ನಲ್ಲಿ ನಾನೇ ಒತ್ತಿವ್ನಿ. ನೀನು ಬಾ ತಾಯಿ."

ಹಾಸನದಿಂದ ಮಲ್ಲಿಪಟ್ಟಣಕ್ಕೆ ಅಷ್ಟು ವೇಗವಾಗಿ ಜೀಪು ಎಂದೂ ಹೋಗಿರಲಿಲ್ಲ.

ಭೀಮ ಕಂಬಳಿ ಹಿಡಿದ. ಅವನು ನನ್ನನ್ನು ನೋಡಲಿಲ್ಲ, ನಾನು ಅವನನ್ನು ನೋಡಲಿಲ್ಲ. ಪರದೆಯಲ್ಲಿ ಗೋಡೆ ಉಬ್ಬಿಕೊಂಡು ಕಂಡಿತು. ಎಂಟು ಮಿಲಿಮೀಟರ್ ದಾಟಬಾರದ್ದು ಹನ್ನೊಂದು ಪಾಯಿಂಟ್ ನಾಲ್ಕು ಇತ್ತು. ಮತ್ತೆ ಅಳೆದೆ. ಹನ್ನೊಂದು ಪಾಯಿಂಟ್ ಐದು. ಹೊಟ್ಟೆಯ ಮೇಲಿನಿಂದ ಹುಡುಕಿದೆ. ಹೃದಯ ಬಡಿಯುತ್ತಿತ್ತು.

"ಮರಿ ಬದುಕಿದೆ. ಆದರೆ ಸೋಂಕು ತಗುಲಿದೆ" ಎಂದೆ. "ನಾಲ್ಕು ದಿನ ಕಾದಿರಿ. ಯಾಕೆ?"

ಅವನು ಕಂಬಳಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

"ಕೆಚ್ಲು ನೋಡಿದ್ ದಿನಾನೇ ಪೋನ್ ಎತ್ಕಂಡೆ ಮೇಡಂ. ಆಮೇಕೆ, ನಿಮ್ಮನ್ನ ಕರ್ಸ್ಕಳಕ್ಕೆ ನೆಪ ಮಾಡ್ತಾವ್ನೆ ಅಂತ ಅನ್ಕತೀರೇನೋ ಅನ್ನಿಸ್ತು."

"ನಾನು ಯಾಕೆ ಹಾಗೆ ಅಂದ್ಕೋತೀನಿ?"

"ಯಾಕಂದ್ರೆ ನಂಗೆ ನೆಪ ಬೇಕಾಗಿತ್ತು. ದಿನಾ ಬೇಕಾಗಿತ್ತು. ಅದ್ಕೇ ನಿಜವಾದ್ದು ಬಂದಾಗ ಬಾಯಿ ಕಟ್ಟೋಯ್ತು." ಅವನು ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ. "ಇದ್ಕೇನಾದ್ರೂ ಆದ್ರೆ ಕೇರಿಯೋರಿಗೆ ಏನಂತೇಳ್ಲಿ? ಅಪ್ಪನ್ ಕುದ್ರೆನ ನನ್ ನಾಚ್ಕೆ ಕೊಂದಾಕ್ತು ಅಂತ್ಲಾ?"

ನನ್ನ ಎರಡು ಕೈಯೂ ಕೆಲಸದಲ್ಲಿದ್ದವು. ಕಣ್ಣೀರು ಒರೆಸಿಕೊಳ್ಳುವಂತಿರಲಿಲ್ಲ.

"ಹದಿನಾಲ್ಕು ದಿನಕ್ಕೊಮ್ಮೆ ಅಂತ ನಾನು ಬರುತ್ತಿದ್ದೆನಲ್ಲ, ಅದು ನಮ್ಮ ಯೋಜನೆಯಲ್ಲಿ ಇರಲೇ ಇಲ್ಲ. ಬೇರೆ ಎಲ್ಲ ಕುದುರೆಗೂ ತಿಂಗಳಿಗೊಮ್ಮೆ. ಇಲ್ಲಿಗೆ ಮಾತ್ರ... ನಾನೂ ನೆಪಕ್ಕೇ ಬರುತ್ತಿದ್ದೆ, ಭೀಮ. ತಪ್ಪು ಅನ್ನಿಸಿ ನಿಲ್ಲಿಸಿದೆ. ನಾಲ್ಕನೇ ತಾರೀಖು ಬಂದಿದ್ದರೆ ಬಹುಶಃ ಅವತ್ತೇ ಸಿಕ್ಕಿಬಿಡುತ್ತಿತ್ತು."

ಇಬ್ಬರೂ ಪ್ರಾಮಾಣಿಕರಾಗಲು ಹೋಗಿ ಒಂದು ಮರಿಯನ್ನು ಅಪಾಯಕ್ಕೆ ದೂಡಿದ್ದೆವು. ಅದು ಅರ್ಥವಾದಾಗ ಪರದೆಯ ಆ ಬೂದು ಬೆಳಕಿನಲ್ಲಿ ಮೊದಲ ಸಲ ಒಬ್ಬರನ್ನೊಬ್ಬರು ನೇರವಾಗಿ ನೋಡಿದೆವು. ಅವನು ತನ್ನ ಅಂಗಿಯ ತೋಳಿನಿಂದ ನನ್ನ ಕೆನ್ನೆ ಒರೆಸಿದ. ಒರಟು ಖಾಕಿ. ಅಷ್ಟು ಮೆತ್ತನೆಯ ಬಟ್ಟೆ ನನ್ನ ಮುಖ ಎಂದೂ ಮುಟ್ಟಿರಲಿಲ್ಲ.

"ಈಗ್ಲೂ ಉಳಿಸ್ಕಬೌದಾ?" ಎಂದ.

"ಪ್ರಯತ್ನ ಮಾಡೋಣ. ಸೋಂಕಿಗೆ ಔಷಧಿ, ಗರ್ಭಕೋಶ ಸುಮ್ಮನಿರಲಿಕ್ಕೆ ಇನ್ನೊಂದು. ಒಂದು ಹೊತ್ತೂ ತಪ್ಪಬಾರದು."

"ಮಿಕ್ಕಿದ್ದು? ನಮ್ದು?"

"ಅದಕ್ಕೆ ಔಷಧಿ ಬರೆಯೋದಿಲ್ಲ" ಎಂದೆ. ಅವನು ಅಳುತ್ತಲೇ ನಕ್ಕ.

*

ಮೂರು ದಿನಕ್ಕೊಮ್ಮೆ ಹೋದೆ. ಈ ಸಲ ರಿಜಿಸ್ಟರಿನಲ್ಲಿ ಕಾರಣ ಬರೆಯಲು ಜಾಗ ಸಾಲಲಿಲ್ಲ. ಹಿರಿಯ ಪ್ರಾಧ್ಯಾಪಕರಿಗೆ ಎಲ್ಲವನ್ನೂ ಹೇಳಿ, ಜಾಜಿಯ ಅಂಕಿಗಳನ್ನು ಸರಾಸರಿಯಿಂದ ತೆಗೆಸಿದೆ. ಬಾಗೂರಿನ ಕುದುರೆಗೂ ಹದಿನಾಲ್ಕು ದಿನ ಮಾಡಿಸಿದೆ. ಆಮೇಲೆ ಅಪ್ಪನಿಗೂ ಹೇಳಿದೆ.

ಅಪ್ಪ ಪತ್ರಿಕೆ ಮಡಿಸಿದರು. "ಹುಡುಗ ಏನು ಮಾಡ್ತಾನೆ?"

"ಲೈನ್‌ಮನ್."

"ಯಾರ ಪೈಕಿ?"

ಹೇಳಿದೆ. ಕೇರಿಯ ಹೆಸರೂ ಹೇಳಿದೆ. ಅವರು ಎದ್ದು ಹಿತ್ತಿಲಿಗೆ ಹೋಗಿ ತುಂಬೆಗಿಡಕ್ಕೆ ನೀರು ಹಾಕಿದರು, ಆಗಲೇ ನೀರು ಹಾಕಿದ್ದ ಗಿಡಕ್ಕೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೂರು ದಿನ ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ.

ನಾಲ್ಕನೇ ದಿನ ನಾನು ಮಲ್ಲಿಪಟ್ಟಣದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದಲೇ ಕೇಳಿದರು: "ಇವತ್ತು ಎಷ್ಟು?"

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಹತ್ತು ಪಾಯಿಂಟ್ ಏಳು."

"ಇಳೀತಿದೆ."

"ಹೂಂ ಅಪ್ಪ."

ಆಮೇಲೆ ಪ್ರತಿ ಸಲವೂ ಕೇಳಿದರು. ಹುಡುಗನ ಬಗ್ಗೆ ಒಂದು ಮಾತೂ ಕೇಳಲಿಲ್ಲ, ಮಿಲಿಮೀಟರು ಕೇಳಿದರು. ಒಂಬತ್ತು ಪಾಯಿಂಟ್ ಎಂಟು. ಒಂಬತ್ತು ಪಾಯಿಂಟ್ ಒಂದು. ಗೋಡೆಯ ಕ್ಯಾಲೆಂಡರಿನಲ್ಲಿ ಆ ಅಂಕಿಗಳು ಅವರ ಮುದ್ದಾದ ಕೈಬರಹದಲ್ಲಿ ಒಂದರ ಕೆಳಗೊಂದು ಕಾಣಿಸಿಕೊಂಡವು. ಎಂಟು ಪಾಯಿಂಟ್ ಆರು ಎಂದ ದಿನ ಅವರು, "ಔಷಧಿ ಹೊತ್ತು ಹೊತ್ತಿಗೆ ಕೊಡೋರು ಯಾರು?" ಎಂದರು.

"ಅವನೇ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ಒಂದು ಸಲವೂ ತಪ್ಪಿಲ್ಲ."

"ಹ್ಞೂಂ" ಎಂದರು ಅಪ್ಪ.

*

ಡಿಸೆಂಬರ್ 29, ಭಾನುವಾರ, ಬೆಳಿಗ್ಗೆ ಐದು ಮುಕ್ಕಾಲು. ಫೋನು.

"ಅನ್ವಿತಾ" ಎಂದ ಭೀಮ. ಮೇಡಂ ಅನ್ನುವುದನ್ನು ಮರೆತಿದ್ದ. "ಈದವ್ಳೆ. ಎಣ್ಮರಿ. ಬದ್ಕದೆ. ಆದ್ರೆ ಸಣ್ಕದೆ, ಇನ್ನೂ ಎದ್ದಿಲ್ಲ."

ಮುನ್ನೂರ ಇಪ್ಪತ್ತೊಂದನೇ ದಿನ. ಎರಡು ವಾರ ಮುಂಚೆ. ನಾನು ಚೀಲ ತುಂಬುತ್ತಿದ್ದಾಗ ಅಪ್ಪ ಮಫ್ಲರ್ ಸುತ್ತಿಕೊಂಡು ಕಾರಿನ ಕೀ ಹಿಡಿದು ನಿಂತಿದ್ದರು. ಕಂಕುಳಲ್ಲಿ ಮನೆಯ ತೂಕದ ಯಂತ್ರ.

"ಮಂಜಿದೆ. ನೀನೊಬ್ಬಳೇ ಬೇಡ" ಎಂದರು. "ತೂಕ ಗೊತ್ತಾಗದೆ ಔಷಧಿ ಹೇಗೆ ಕೊಡ್ತೀಯ?"

ಅರಕಲಗೂಡು ದಾಟುವವರೆಗೂ ರಸ್ತೆ ಕಾಣಲಿಲ್ಲ. ಜಗತ್ತೆಲ್ಲ ನನ್ನ ಪರದೆಯಂತೆ ಬೂದುಬೂದಾಗಿತ್ತು. ಅದರೊಳಗೆ ಎಲ್ಲೋ ಒಂದು ಪುಟ್ಟ ಮಿಣುಕು ಇದೆ ಎಂದು ನಂಬಿಕೊಂಡು ಅಪ್ಪ ನಿಧಾನವಾಗಿ ಕಾರು ಓಡಿಸಿದರು.

ಚಪ್ಪರದಲ್ಲಿ ಜಾಜಿ ತಲೆ ತಗ್ಗಿಸಿ ಮರಿಯನ್ನು ನೆಕ್ಕುತ್ತಿದ್ದಳು. ಮರಿ ನಾಲ್ಕೂ ಕಾಲು ಹರಡಿಕೊಂಡು, ನಡುಗುತ್ತ, ನಿಂತಿತ್ತು!

"ಈಗ್ತಾನೆ ಎದ್ಲು" ಎಂದ ಭೀಮ. ಅವನ ಅಂಗಿಯೆಲ್ಲ ಒದ್ದೆ. "ಮೂರ್ ಸಲ ಬಿದ್ಲು. ನಾಕ್ನೇ ಸಲ ನಿಂತ್ಲು."

ನಾನು ಮಾಸನ್ನು ಪರೀಕ್ಷಿಸಿದೆ. ಒಂದು ಕಡೆ ದಪ್ಪವಾಗಿ ಬಣ್ಣಗೆಟ್ಟ ಅಂಗೈಯಗಲದ ಜಾಗ, ಉಳಿದದ್ದೆಲ್ಲ ಚೊಕ್ಕ. ಮರಿಯ ಬಾಯಿಯನ್ನು ಕೆಚ್ಚಲಿಗೆ ತಾಗಿಸಿದೆ. ತಡಕಿತು, ತಪ್ಪಿತು, ತಡಕಿತು. ಆಮೇಲೆ ಚೀಪುವ ಸದ್ದು. ಆ ಸದ್ದಿಗೆ ಪಾಪಯ್ಯನವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಮಾಯಮ್ಮ ಅಪ್ಪನ ಮುಂದೆ ಲೋಟ ಹಿಡಿದು, ಕೊಡಲೋ ಬೇಡವೋ ಎಂದು ಅನುಮಾನಿಸಿದರು. "ಕಾಪಿ ಕುಡೀತೀರಾ ಸಾ?"

ಅಪ್ಪ ಲೋಟ ಇಸಿದುಕೊಂಡು ಒಂದು ಗುಟುಕು ಕುಡಿದರು. "ಸಕ್ಕರೆ ಜಾಸ್ತಿ ಆಯ್ತಮ್ಮ" ಎಂದರು. ಮಾಯಮ್ಮ, "ಇವತ್ತೊಂದಿನ ಇರ್ಲಿ ಬುಡಿ ಸಾ, ಮೊಮ್ಮಗ್ಳು ಉಟ್ಟವ್ಳೆ" ಎಂದರು. ಅಪ್ಪನ ಮಫ್ಲರಿನ ಒಳಗೆ ಒಂದು ಸಣ್ಣ ನಗು ಕದಲಿದ್ದನ್ನು ನಾನು ನೋಡಿದೆ.

ಭೀಮ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಸ್ಕ್ಯಾನ್ ಎಲ್ಲಾ ಮುಗೀತಲ್ಲ. ಇನ್ಯಾವತ್ತು ಬತ್ತೀರಾ?"

"ನಾಳೆ."

"ನಾಳೆ ಏನದೆ?"

"ಏನಿಲ್ಲ. ಸುಮ್ನೆ."

ಅವನು ನನ್ನನ್ನು ನೋಡಿದ. ಬಿಸಿಲು ಆಗತಾನೆ ಮಂಜನ್ನು ಸೀಳಿ ಬಂದು ಅವನ ರೆಪ್ಪೆಯ ಮೇಲೆ ಕೂತಿತ್ತು.

"ಏನಪ್ಪಾ, ಬಾ ಇಲ್ಲಿ" ಎಂದು ಅಪ್ಪ ಕರೆದರು. ಅವನೊಂದಿಗೆ ಅವರು ಆಡಿದ ಮೊದಲ ಮಾತು. ತೂಕದ ಯಂತ್ರವನ್ನು ಚಪ್ಪಡಿ ಕಲ್ಲಿನ ಮೇಲೆ ಸಮನಾಗಿ ಇಟ್ಟಿದ್ದರು. "ಮೊದಲು ನೀನೊಬ್ಬನೇ ನಿಲ್ಲು. ಅಲ್ಲಾಡಬೇಡ." ಬಗ್ಗಿ ಓದಿದರು: ಎಪ್ಪತ್ತೆರಡು ಪಾಯಿಂಟ್ ನಾಲ್ಕು. "ಈಗ ಮರಿ ಎತ್ತಿಕೋ."

ಭೀಮ ಮರಿಯನ್ನು ಎರಡೂ ತೋಳಿನಲ್ಲಿ ಎದೆಗೆ ಅವಚಿಕೊಂಡು ಮತ್ತೆ ನಿಂತ. ಉದ್ದ ಕಾಲುಗಳು ಅವನ ಮೊಣಕಾಲಿಗೆ ತಾಗುತ್ತಿದ್ದವು. ನೂರಾ ಮೂರು ಪಾಯಿಂಟ್ ಆರು. ಅಪ್ಪ ಮನಸ್ಸಿನಲ್ಲೇ ಕಳೆದು, ನನ್ನ ಕಡೆ ತಿರುಗಿ, ಬರೆದುಕೋ ಎಂದು ಕೈಸನ್ನೆ ಮಾಡಿದರು.

ಬರೆದುಕೊಂಡೆ. ಮರಿಯ ತೂಕ ಮೂವತ್ತೊಂದು ಕಿಲೋ ಇನ್ನೂರು ಗ್ರಾಂ.